ಒಪ್ಪದೆ ಕೂಡಿ ನುಡಿಸಿದವರು

1964ನೆಯ ಇಸವಿಯ ಜೂನ್ ತಿಂಗಳ 2ನೆಯ ದಿನ. ಹಾಲೆಂಡಿನ ಹಿಲ್ವರ್ಸಮ್ ಪಟ್ಟಣದ ಬಾನುಲಿ ನಿಲಯ. ಆಹ್ವಾನದ ಮೇಲೆ ಬಂದ ಕೆಲವೇ ಶ್ರೋತೃಗಳ ಮುಂದೆ ನಾಲ್ವರು ವಾದಕರು ತಮ್ಮ ವಾದ್ಯಗಳನ್ನು ಅಣಿಮಾಡಿಕೊಂಡಿದ್ದಾರೆ. ಅವರಲ್ಲಿ ಮೂವರು ಆ ನಾಡಿನವರೇ. ಪಿಯಾನೊದ ಮುಂದೆ ಕುಳಿತವನು ಮಿಶಾ ಮೆಂಗೆಲ್‌ಬರ್ಗ್. ಇನ್ನು ಮೂರು ದಿನ ಕಳೆದರೆ ಆತನಿಗೆ ಇಪ್ಪತ್ತೊಂಬತ್ತು ತುಂಬುತ್ತದೆ. ಡ್ರಮ್ಮುಗಳ ನಡುವೆ ಇರುವವನು ಹಾನ್ ಬೆನ್ನಿಂಕ್, ಇಪ್ಪತ್ತೆರಡರ ಹುಡುಗ. ಆಳೆತ್ತರದ ಡಬಲ್ ಬಾಸನ್ನು ಹಿಡಿದು ನಿಂತವನು ಜಾಕ್ ಸ್ಕೋಲ್ಸ್. ನಾಲ್ಕನೆಯವನು ಅತಿಥಿ: ಅಮೆರಿಕದ ನೀಗ್ರೋ ಕಲಾವಿದರ ಪರಂಪರೆಯಲ್ಲಿ ಬೆಳಗಿದ ಎರಿಕ್ ಡಾಲ್ಫಿ. ಸ್ಯಾಕ್ಸೊಫೋನ್, ಕೊಳಲು, ಬಾಸ್ ಕ್ಲ್ಯಾರಿನೆಟ್ ಈ ಮೂರನ್ನೂ ಒಂದೇ ಸಮನಾಗಿ ಆಳಿದವನು. ಆ ಏಪ್ರಿಲಿನಲ್ಲಿ ಚಾರ್ಲ್ಸ್ ಮಿಂಗಸ್‌ನ ಮೇಳದೊಂದಿಗೆ ಯೂರೋಪಿಗೆ ಬಂದು, ಮೇಳ ಹಿಂದಿರುಗಿದ ಮೇಲೂ ಅಲ್ಲಿಯೇ ಉಳಿದುಕೊಂಡಿದ್ದ.

ಅಂದು ಅವರು ನುಡಿಸಿದ್ದನ್ನು ಧ್ವನಿಮುದ್ರಿಸಿಕೊಂಡರು. ಡಾಲ್ಫಿ ಮುಂದಕ್ಕೆ ಹೊರಟ. ಪ್ಯಾರಿಸಿನಲ್ಲಿ ಕೆಲವು ದಿನ ನುಡಿಸಿ, ಬರ್ಲಿನ್ನಿಗೆ ಹೋಗಿ, ಮಧುಮೇಹ ಉಲ್ಬಣಿಸಿ ಜೂನ್ 29ರಂದು ತೀರಿಕೊಂಡ. ಹಿಲ್ವರ್ಸಮ್ಮಿನ ಆ ದಿನದಿಂದ ಎಣಿಸಿದರೆ ಕೇವಲ ಇಪ್ಪತ್ತೇಳು ದಿನ. ಆತನ ವಯಸ್ಸು ಮೂವತ್ತಾರು. ಮುದ್ರಿಕೆ ಹೊರಬಂದಾಗ ಅದಕ್ಕೆ ‘ಲಾಸ್ಟ್ ಡೇಟ್’ ಎಂದು ಹೆಸರಿಟ್ಟರು. ಅದರ ಕಟ್ಟಕಡೆಯಲ್ಲಿ ಸಂಗೀತ ನಿಂತ ಮೇಲೆ ಡಾಲ್ಫಿಯ ಮಾತಿನ ದನಿಯೊಂದು ಕೇಳಿಸುತ್ತದೆ. ಸಂಗೀತವನ್ನು ಕೇಳುತ್ತೇವೆ, ಮುಗಿಯುತ್ತಲೇ ಅದು ಗಾಳಿಗೆ ಸೇರಿಹೋಗುತ್ತದೆ, ಮತ್ತೆ ಅದನ್ನು ಹಿಡಿಯಲಾಗದು ಎಂಬುದು ಆ ಮಾತಿನ ಸಾರ. ಸತ್ತವನ ದನಿಯಲ್ಲಿ, ಹಿಡಿದಿಟ್ಟ ಸಂಗೀತದ ಕೊನೆಗೆ ಬರುವ ಆ ಮಾತನ್ನು ಕೇಳಿ ಮನಸ್ಸು ಕಲಕದವರು ವಿರಳ.

ಮೂವತ್ತಾರು ವರ್ಷಗಳು ಉರುಳಿದುವು. 2000ದಲ್ಲಿ ಮತ್ತೊಮ್ಮೆ ನಾಲ್ವರು ವಾದಕರು ಮುದ್ರಣಕ್ಕೆಂದು ಕಲೆತರು. ಪಿಯಾನೊದ ಮುಂದೆ ಅದೇ ಮೆಂಗೆಲ್‌ಬರ್ಗ್, ಈಗ ಅರುವತ್ತೈದರ ಮುದುಕ. ಡ್ರಮ್ಮುಗಳ ನಡುವೆ ಅದೇ ಬೆನ್ನಿಂಕ್, ಐವತ್ತೆಂಟರವನು. ಹೊಸಬರಿಬ್ಬರೂ ನ್ಯೂಯಾರ್ಕಿನವರು: ಟ್ರಂಪೆಟ್ ಊದುವ ಡೇವ್ ಡಗ್ಲಸ್, ಡಬಲ್ ಬಾಸ್ ನುಡಿಸುವ ಬ್ರ್ಯಾಡ್ ಜೋನ್ಸ್. ಕೆನಡಾದ ವ್ಯಾಂಕೂವರಿನ ‘ಸಾಂಗ್‌ಲೈನ್ಸ್’ ಎಂಬ ಸಣ್ಣ ಸಂಸ್ಥೆ 2001ರಲ್ಲಿ ಅದನ್ನು ಹೊರತಂದಿತು. ಮುದ್ರಿಕೆಯ ಹೆಸರು ‘ಫೋರ್ ಇನ್ ಒನ್’, ಒಂದರಲ್ಲಿ ನಾಲ್ಕು. ಅದರಲ್ಲಿ ಮೆಂಗೆಲ್‌ಬರ್ಗ್ ತನ್ನ ಹಳೆಯ ರಚನೆಯೊಂದನ್ನು ಮತ್ತೆ ಎತ್ತಿಕೊಂಡಿದ್ದಾನೆ. ಹಿಲ್ವರ್ಸಮ್ಮಿನಲ್ಲಿ ಡಾಲ್ಫಿಯೊಡನೆ ನುಡಿಸಿದ ಅದೇ ರಚನೆ!

ಗಾಳಿಗೆ ಸೇರಿಹೋದದ್ದು ಮರಳಿ ಬಂದೀತೆ? ಬಂದರೆ ಯಾವ ರೂಪದಲ್ಲಿ? ಈ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಈ ಪಿಯಾನೊ ವಾದಕನ ಬಾಳನ್ನೂ, ಡ್ರಮ್ ವಾದಕನೊಡನೆ ಆತ ಐದು ದಶಕಗಳ ಕಾಲ ನಡೆಸಿಕೊಂಡು ಬಂದ ವಿಚಿತ್ರವಾದ ಸ್ನೇಹವನ್ನೂ ಸ್ವಲ್ಪ ತಿಳಿಯಬೇಕು.

ದೊಡ್ಡ ಮನೆತನದ ತುಂಟ

ಮೆಂಗೆಲ್‌ಬರ್ಗ್ ಎಂಬ ಹೆಸರು ಹಾಲೆಂಡಿನಲ್ಲಿ ಸಣ್ಣದಲ್ಲ. ಆಮ್‌ಸ್ಟರ್‌ಡ್ಯಾಮಿನ ಕಾನ್ಸರ್ಟ್‌ಖೆಬೌ ವಾದ್ಯವೃಂದ ಜಗತ್ತಿನ ಶ್ರೇಷ್ಠ ವಾದ್ಯವೃಂದಗಳಲ್ಲೊಂದು. 1895ರಿಂದ 1945ರವರೆಗೆ, ಸರಿಯಾಗಿ ಅರ್ಧ ಶತಮಾನ, ಅದನ್ನು ನಡೆಸಿದವನು ವಿಲೆಮ್ ಮೆಂಗೆಲ್‌ಬರ್ಗ್. ಜರ್ಮನರು ದೇಶವನ್ನು ಆಕ್ರಮಿಸಿದ್ದ ಕಾಲದಲ್ಲಿ ಅವರೊಡನೆ ಹೊಂದಿಕೊಂಡು ನಡೆದನೆಂಬ ಕಾರಣದಿಂದ ಯುದ್ಧಾನಂತರ ಆತನನ್ನು ಆ ಪೀಠದಿಂದ ಇಳಿಸಿದರು. 1951ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಆತ ಕಣ್ಮುಚ್ಚಿದ. ನಮ್ಮ ಕಥಾನಾಯಕನಿಗೆ ಈ ವಿಲೆಮ್ ಚಿಕ್ಕಜ್ಜನಾಗಬೇಕು. ತಂದೆ ಕಾರೆಲ್ ಮೆಂಗೆಲ್‌ಬರ್ಗನೂ ಸಂಗೀತ ರಚನಕಾರ, ವಾದ್ಯವೃಂದ ನಿರ್ದೇಶಕ. ತಾಯಿ ಹಾರ್ಪ್ ವಾದ್ಯವನ್ನು ನುಡಿಸುತ್ತಿದ್ದಳು. ತಂದೆ ಸೋವಿಯತ್ ಯುಕ್ರೇನಿನ ಕೀವ್ ನಗರದಲ್ಲಿದ್ದಾಗ, 1935ರ ಜೂನ್ 5ರಂದು, ಮಿಶಾ ಹುಟ್ಟಿದ. ಆ ದಶಕ ಮುಗಿಯುವ ಮೊದಲೇ ಸಂಸಾರ ಹಾಲೆಂಡಿಗೆ ಮರಳಿತು.

ಹೀಗೆ ಮೂರು ಕಡೆಯಿಂದಲೂ ಸಂಗೀತ ಸುತ್ತುವರಿದ ಮನೆ. ಆದರೂ ಹುಡುಗ ಮೊದಲು ಕೈಹಾಕಿದ್ದು ವಾಸ್ತುಶಿಲ್ಪಕ್ಕೆ. ಅದು ಒಗ್ಗದೆ 1958ರಲ್ಲಿ ಹೇಗ್ ನಗರದ ರಾಯಲ್ ಕನ್ಸರ್ವೇಟರಿಯನ್ನು ಸೇರಿ, 1964ರವರೆಗೆ ಕೀಸ್ ವಾನ್ ಬಾರನ್ ಎಂಬ ಗುರುವಿನ ಕೆಳಗೆ ಶಾಸ್ತ್ರೀಯ ಸಂಗೀತ ರಚನೆಯನ್ನು ಕಲಿತ. ಓದುತ್ತಿದ್ದಾಗಲೇ, 1959ರಲ್ಲಿ, ಲೋಸ್‌ಡ್ರೆಖ್ಟಿನ ಜಾಝ್ ಸ್ಪರ್ಧೆಯಲ್ಲಿ ಮೊದಲ ಬಹುಮಾನವನ್ನೂ ಗಳಿಸಿದ. ಒಂದು ಕೈಯಲ್ಲಿ ಯೂರೋಪಿನ ಲಿಖಿತ ಸಂಗೀತ, ಇನ್ನೊಂದು ಕೈಯಲ್ಲಿ ಅಮೆರಿಕದ ಜಾಝ್. ಎರಡರಲ್ಲಿ ಯಾವುದನ್ನೂ ಆತ ಬಿಡಲಿಲ್ಲ. ಯಾವುದಕ್ಕೂ ಪೂರ್ತಿಯಾಗಿ ತಲೆಬಾಗಲಿಲ್ಲ.

ಈ ತುಂಟತನಕ್ಕೆ ಒಂದು ಉದಾಹರಣೆ ಸಾಕು. 1969ರ ನವೆಂಬರ್ 17ರಂದು ಕಾನ್ಸರ್ಟ್‌ಖೆಬೌ ಭವನದಲ್ಲಿ ವಾದ್ಯವೃಂದದ ಕಚೇರಿ ಆರಂಭವಾಗುತ್ತಿದ್ದಂತೆ ಸಭೆಯ ನಡುವೆ ಗಿಲಕಿ, ಸೀಟಿ ಮೊದಲಾದವುಗಳ ಗದ್ದಲ ಎದ್ದಿತು. ವಾದ್ಯವೃಂದ ಹೊಸ ಸಂಗೀತಕ್ಕೆ ಬಾಗಿಲು ತೆರೆಯಬೇಕು, ಈ ವಿಷಯವನ್ನು ಬಹಿರಂಗವಾಗಿ ಚರ್ಚಿಸಬೇಕು ಎಂಬುದು ಗದ್ದಲ ಮಾಡಿದವರ ಬೇಡಿಕೆ. ಆ ಗುಂಪಿನ ಹೆಸರು ‘ನೋಟೆನ್‌ಕ್ರಾಕರ್ಸ್’. ಡಚ್ ಭಾಷೆಯಲ್ಲಿ ‘ನೋಟೆನ್’ ಎಂದರೆ ಕಾಯಿಬೀಜವೂ ಹೌದು, ಸಂಗೀತದ ಸ್ವರವೂ ಹೌದು. ಅಡಕೊತ್ತಿನಿಂದ ಅಡಕೆ ಒಡೆದಂತೆ ಸ್ವರವನ್ನು ಒಡೆಯುವವರು ಎಂಬ ಶ್ಲೇಷೆ. ಲೂಯಿ ಆಂಡ್ರಿಸನ್, ಪೀಟರ್ ಸ್ಖಾಟ್, ರೈನ್‌ಬರ್ಟ್ ಡಿ ಲೀವ್ ಮೊದಲಾದ ತರುಣ ರಚನಕಾರರ ಜೊತೆಗೆ ಆ ಗುಂಪಿನಲ್ಲಿ ಮಿಶಾ ಮೆಂಗೆಲ್‌ಬರ್ಗನೂ ಇದ್ದ. ಚಿಕ್ಕಜ್ಜ ಐವತ್ತು ವರ್ಷ ಆಳಿದ ಮನೆಯಲ್ಲಿ ಮೊಮ್ಮಗ ಎಬ್ಬಿಸಿದ ಗಲಾಟೆ ಅದು!

ಆ ಕ್ಷಣದ ರಚನೆ

ಜಾಝ್ ಎಂದರೆ ಕಿವಿಗಡಚಿಕ್ಕುವ ಕುಣಿತದ ಸದ್ದು ಎಂದು ತಿಳಿದವರು ನಮ್ಮಲ್ಲಿ ಈಗಲೂ ಉಂಟು. ವಾಸ್ತವವಾಗಿ ಅದರ ಕಟ್ಟಡ ಬಹಳ ಅಚ್ಚುಕಟ್ಟಾದುದು. ಸಾಮಾನ್ಯವಾಗಿ ಮೂವತ್ತೆರಡು ಅಳತೆಗಳ ಒಂದು ಪುಟ್ಟ ರಚನೆ ಇರುತ್ತದೆ. ಅದನ್ನು ಮೊದಲು ಎಲ್ಲರೂ ಕೂಡಿ ನುಡಿಸುತ್ತಾರೆ. ಬಳಿಕ ಒಬ್ಬೊಬ್ಬರಾಗಿ, ಆ ಮೂವತ್ತೆರಡು ಅಳತೆಗಳು ಚಕ್ರದಂತೆ ಸುತ್ತುತ್ತಿರುವಾಗ, ಅದರ ಮೇಲೆ ತಮ್ಮ ಕಲ್ಪನೆಯನ್ನು ಹರಿಯಬಿಡುತ್ತಾರೆ. ಕೊನೆಗೆ ಮತ್ತೆ ಎಲ್ಲರೂ ಮೂಲ ರಚನೆಗೆ ಮರಳುತ್ತಾರೆ. ನಮ್ಮ ಕಚೇರಿಗಳಲ್ಲಿ ಕಲ್ಪನಾಸ್ವರ ಹಾಕುತ್ತ ಹಾಕುತ್ತ ಗಾಯಕರು ಎಡುಪಿಗೆ ಬಂದು ಸೇರಿದಾಗ ಸಭೆ ತಲೆದೂಗುವುದಿಲ್ಲವೆ? ಅಂಥದೇ ಸುಖ ಇಲ್ಲಿಯೂ ಉಂಟು. ಅಲ್ಲಿ ರಾಗ ಮನೋಧರ್ಮಕ್ಕೆ ಅಂಗಳವಾದರೆ ಇಲ್ಲಿ ಒಂದಾದ ಮೇಲೊಂದು ಬರುವ ಸ್ವರಗುಚ್ಛಗಳ ಸಾಲು ಅಂಗಳವಾಗುತ್ತದೆ.

ಈ ವ್ಯವಸ್ಥೆಯಲ್ಲಿ ಪ್ರತಿಯೊಬ್ಬನಿಗೂ ಒಂದು ಕರ್ತವ್ಯ ಗೊತ್ತಾಗಿದೆ. ಡ್ರಮ್ ಮತ್ತು ಬಾಸ್ ನಡೆಯನ್ನು ಕಾಯಬೇಕು. ಪಿಯಾನೊ ಸ್ವರಗುಚ್ಛಗಳ ಆಸರೆ ಕೊಡಬೇಕು. ಟ್ರಂಪೆಟ್ಟೋ ಸ್ಯಾಕ್ಸೊಫೋನೋ ಮುಂದೆ ನಿಂತು ಹಾಡಬೇಕು. ಮನೆಯೊಂದರಲ್ಲಿ ಯಾರು ನೀರು ತರಬೇಕು, ಯಾರು ಒಲೆ ಹಚ್ಚಬೇಕು ಎಂದು ನಿಶ್ಚಯವಾಗಿರುವ ಹಾಗೆ.

ಮೆಂಗೆಲ್‌ಬರ್ಗ್ ಕೇಳಿದ ಪ್ರಶ್ನೆ ಸರಳವಾಗಿತ್ತು: ಈ ಕರ್ತವ್ಯಗಳು ಪ್ರತಿದಿನವೂ ಹೀಗೆಯೇ ಇರಬೇಕೆಂಬ ವಿಧಿ ಎಲ್ಲಿದೆ? ಪಿಯಾನೊ ಸುಮ್ಮನೆ ಕುಳಿತರೇನು? ಆಸರೆ ಕೊಡಬೇಕಾದವನು ಕಾಲೆಳೆದರೇನು? 1967ರಲ್ಲಿ ಆತ, ಬೆನ್ನಿಂಕ್ ಮತ್ತು ಸ್ಯಾಕ್ಸೊಫೋನ್ ವಾದಕ ವಿಲೆಮ್ ಬ್ರೋಕರ್ ಸೇರಿ ‘ಇನ್‌ಸ್ಟಂಟ್ ಕಂಪೋಸರ್ಸ್ ಪೂಲ್’ ಎಂಬ ಸಂಸ್ಥೆಯನ್ನು ಕಟ್ಟಿದರು. ‘ಆ ಕ್ಷಣದ ರಚನಕಾರರ ಕೂಟ’ ಎಂದು ಆ ಹೆಸರನ್ನು ಕನ್ನಡಿಸಬಹುದು. ಈ ಹೆಸರಿನಲ್ಲಿಯೇ ಆತನ ನಿಲುವು ಅಡಗಿದೆ. ಮುಂಚಿತವಾಗಿ ಕುಳಿತು ಬರೆಯುವ ರಚನಕಾರನಿಗೆ ಎಷ್ಟು ವಿವೇಚನೆ ಬೇಕೋ ಅಷ್ಟೇ ವಿವೇಚನೆ ವೇದಿಕೆಯ ಮೇಲೆ ಆ ಕ್ಷಣದಲ್ಲಿ ಸ್ವರ ಹುಟ್ಟಿಸುವವನಿಗೂ ಬೇಕು. ವ್ಯತ್ಯಾಸವೆಂದರೆ ಇವನಿಗೆ ಅಳಿಸುವ ರಬ್ಬರು ಇಲ್ಲ, ಅಷ್ಟೆ.

ಕೂಟ ಕ್ರಮೇಣ ಒಂದು ವಾದ್ಯವೃಂದವಾಗಿ ಬೆಳೆಯಿತು. ಅದಕ್ಕಾಗಿ ಮೆಂಗೆಲ್‌ಬರ್ಗ್ ಪುಟ್ಟ ಪುಟ್ಟ ಸ್ವರಪ್ರಸ್ತಾರಗಳನ್ನು ಬರೆದಿಡುತ್ತಿದ್ದ. ಅವುಗಳನ್ನು ‘ವೈರಸ್’ ಎಂದು ಕರೆಯುತ್ತಿದ್ದ! ವೃಂದ ಸರಾಗವಾಗಿ ನುಡಿಸುತ್ತಿರುವಾಗ ಯಾರಾದರೊಬ್ಬರು ಇಂಥ ವೈರಸ್ಸನ್ನು ಒಳಕ್ಕೆ ಬಿಡಬಹುದು. ಅದು ಒಬ್ಬರಿಂದೊಬ್ಬರಿಗೆ ಹರಡಿ, ನಡೆಯುತ್ತಿದ್ದ ಸಂಗೀತಕ್ಕೆ ಜ್ವರ ಬರಿಸಿ, ಅದನ್ನು ಬೇರೆಯ ದಾರಿಗೆ ತಿರುಗಿಸುತ್ತದೆ. ಸುಗಮವಾಗಿ ಸಾಗುವುದೇ ಕಲೆಗೆ ಅಪಾಯವೆಂಬುದು ಆತನ ನಂಬಿಕೆಯಾಗಿತ್ತು.

ಇಂಥ ಸಂಗೀತಗಾರರಿಗೆ ನಿಲ್ಲಲು ನೆಲೆ ಬೇಕಷ್ಟೆ? 1971ರಲ್ಲಿ ಹಾಲೆಂಡಿನ ಈ ಬಗೆಯ ವಾದಕರು ಸೇರಿ ‘ಬಿಮ್’ ಎಂಬ ವೃತ್ತಿಸಂಘ ಕಟ್ಟಿಕೊಂಡರು. 1974ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ‘ಬಿಮ್‌ಹೌಸ್’ ಎಂಬ ಸಂಗೀತ ಮಂದಿರ ತೆರೆಯಿತು. 2005ರಲ್ಲಿ ನಗರದ ಜಲತೀರದ ಹೊಸ ಕಟ್ಟಡಕ್ಕೆ ಬಂದ ಅದು ಇಂದಿಗೂ ಜಾಝ್ ಪ್ರಿಯರ ಯಾತ್ರಾಸ್ಥಳ.

ಇಬ್ಬರ ಜಗಳ

ಈಗ ಬೆನ್ನಿಂಕನ ಕಡೆಗೆ ತಿರುಗೋಣ. 1942ರಲ್ಲಿ ಹುಟ್ಟಿದ ಈತನ ತಂದೆಯೂ ತಾಳವಾದ್ಯಗಾರ. ಅಡಿಗೆಮನೆಯ ಕುರ್ಚಿಯೇ ಮಗನ ಮೊದಲ ವಾದ್ಯ. ಚಿತ್ರಕಲೆಯನ್ನು ಕ್ರಮವಾಗಿ ಕಲಿತವನು. ಕೂಟದ ಎಷ್ಟೋ ಮುದ್ರಿಕೆಗಳ ಹೊದಿಕೆಗಳು ಈತನ ಕೈಚಳಕದವು. ವೇದಿಕೆಗೆ ಬಂದರೆ ಈತನ ವಾದ್ಯಕ್ಕೆ ಎಲ್ಲೆಯೇ ಇಲ್ಲ. ನೆಲದ ಮೇಲೆ ಕಾಲು ಚಾಚಿ ಕುಳಿತು ಹಲಗೆಯನ್ನೇ ಬಾರಿಸುತ್ತಾನೆ. ಕುರ್ಚಿಯನ್ನು ಬಾರಿಸುತ್ತಾನೆ. ಡ್ರಮ್ಮಿನ ಚರ್ಮದ ಮೇಲೆ ಹಿಮ್ಮಡಿಯೂರಿ ಒತ್ತಿ ಅದರ ದನಿಯನ್ನು ಏರಿಳಿಸುತ್ತಾನೆ. ಒಂದೇ ಒಂದು ಸಣ್ಣ ಡ್ರಮ್ ಕೊಟ್ಟರೂ ಸಭೆಯನ್ನು ಕುಣಿಸಬಲ್ಲ ಗಂಡೆದೆ.

ಇತ್ತ ಮೆಂಗೆಲ್‌ಬರ್ಗನ ಸ್ವಭಾವ ಇದಕ್ಕೆ ತೀರ ವಿರುದ್ಧ. ಆತ ಚದುರಂಗದ ಹುಚ್ಚಿನವನು. ಪಿಯಾನೊದ ಮುಂದೆಯೂ ಆತ ಚದುರಂಗದ ಮಣೆಯ ಮುಂದೆ ಕುಳಿತವನ ಹಾಗೆಯೇ. ಬಾಯಲ್ಲಿ ಸಿಗರೇಟು, ಮುಖದಲ್ಲಿ ಯಾವ ಭಾವವೂ ಇಲ್ಲ. ಬೆನ್ನಿಂಕ್ ಬಿರುಗಾಳಿಯೆಬ್ಬಿಸುತ್ತಿರುವಾಗ ಈತ ಎರಡೇ ಸ್ವರಗಳನ್ನು ಒತ್ತಿ ಕೈ ತೆಗೆದುಬಿಡುವನು. ಆ ಎರಡು ಸ್ವರಗಳು ಎಷ್ಟು ಅನಪೇಕ್ಷಿತ ಜಾಗದಲ್ಲಿ ಬಿದ್ದಿರುತ್ತವೆಂದರೆ, ಬಿರುಗಾಳಿ ತಬ್ಬಿಬ್ಬಾಗಿ ನಿಲ್ಲಬೇಕು. ಎದುರಾಳಿಯ ಕುದುರೆ, ಆನೆಗಳೆಲ್ಲ ಕೆನೆಯುತ್ತ ಬರುತ್ತಿರುವಾಗ ಒಂದು ಪದಾತಿಯನ್ನು ಒಂದೇ ಮನೆ ಮುಂದೆ ಸರಿಸಿದಂತೆ.

ಇವರಿಬ್ಬರೂ 1960ರ ದಶಕದ ಮೊದಲಲ್ಲಿ ಜೊತೆಯಾದರು. 1966ರಲ್ಲಿ ಅಮೆರಿಕದ ನ್ಯೂಪೋರ್ಟ್ ಜಾಝ್ ಉತ್ಸವದಲ್ಲಿ ಸ್ಯಾಕ್ಸೊಫೋನ್ ವಾದಕ ಪೀಟ್ ನೋರ್ಡೈಕನೊಂದಿಗೆ ನುಡಿಸಿದ ಚತುಷ್ಟಯದಲ್ಲಿಯೂ ಇವರೇ. ಆಮೇಲೆ ಇಬ್ಬರೇ ಇದ್ದು ಎಷ್ಟೋ ಊರುಗಳಲ್ಲಿ ಕಚೇರಿ ನಡೆಸಿದರು. ಕೇಳುವವರಿಗೆ ಅದು ಸಂಗೀತ ಕಚೇರಿಯಂತೆಯೂ ತೋರುತ್ತಿತ್ತು, ಹಳೆಯ ದಾಂಪತ್ಯದ ಮನಸ್ತಾಪದಂತೆಯೂ ತೋರುತ್ತಿತ್ತು. ಒಬ್ಬನು ‘ಹೌದು’ ಎಂದರೆ ಇನ್ನೊಬ್ಬನು ‘ಏಕೆ?’ ಎನ್ನುವನು. ಒಬ್ಬನು ಕಟ್ಟಿದ್ದನ್ನು ಇನ್ನೊಬ್ಬನು ಕೆಡವುವನು; ಕೆಡವಿದವನೇ ಇಟ್ಟಿಗೆಯೊಂದನ್ನು ಎತ್ತಿಕೊಡುವನು.

ಇದನ್ನು ಬರಿಯ ವಿನೋದವೆಂದು ತಳ್ಳಿಹಾಕುವಂತಿಲ್ಲ. ಜೊತೆಗಾರನು ಮುಂದೇನು ಮಾಡುವನೆಂದು ನಮಗೆ ಮೊದಲೇ ತಿಳಿದಿದ್ದರೆ ನಾವು ಅವನನ್ನು ಕೇಳುವುದನ್ನು ಬಿಟ್ಟುಬಿಡುತ್ತೇವೆ. ಬಹುಕಾಲ ಒಟ್ಟಿಗಿದ್ದವರೆಲ್ಲ ಬಲ್ಲ ಸಂಗತಿ ಇದು. ಮಾತು ಮುಗಿಯುವ ಮೊದಲೇ ಉತ್ತರ ಹೇಳುತ್ತೇವೆ; ಮುಖ ನೋಡದೆಯೇ ತಲೆಯಾಡಿಸುತ್ತೇವೆ. ಅಲ್ಲಿಗೆ ಬಳಕೆ ಉಳಿಯಿತು, ಸಂಭಾಷಣೆ ಹೋಯಿತು. ಮೆಂಗೆಲ್‌ಬರ್ಗ್ ಮತ್ತು ಬೆನ್ನಿಂಕ್ ಒಬ್ಬರಿಗೊಬ್ಬರು ಆ ಸೌಕರ್ಯವನ್ನು ಕೊಡಲಿಲ್ಲ. ಪರಸ್ಪರ ಅಡ್ಡಿಪಡಿಸುತ್ತ ಪರಸ್ಪರರ ಕಿವಿಯನ್ನು ಎಚ್ಚರವಾಗಿಟ್ಟರು. ಅವರ ಸ್ನೇಹ ಅಷ್ಟು ದೀರ್ಘಕಾಲ ಬಾಳಿದ್ದರ ಗುಟ್ಟು ಇದೇ ಇರಬೇಕು.

ಮಾಂಕನ ಋಣ

ಹೀಗೆ ಎಲ್ಲರನ್ನೂ ಕೆಣಕುತ್ತಿದ್ದ ಮೆಂಗೆಲ್‌ಬರ್ಗ್ ಯಾರ ಮುಂದೆಯಾದರೂ ಕೈ ಜೋಡಿಸಿದನೆ? ಜೋಡಿಸಿದ. ಅಮೆರಿಕದ ಇಬ್ಬರು ಪಿಯಾನೊ ವಾದಕರು ಆತನ ಆರಾಧ್ಯರು. ಒಬ್ಬನು ಥೆಲೋನಿಯಸ್ ಮಾಂಕ್ (1917–1982). ತಪ್ಪಿದ ಸ್ವರವೋ ಎನ್ನಿಸುವ ಸ್ವರವನ್ನು ಬೇಕೆಂದೇ ಇಟ್ಟು, ಅದೇ ಸರಿಯೆಂದು ಒಪ್ಪಿಸಿದ ಧೀರ. ಇನ್ನೊಬ್ಬನು ಹರ್ಬಿ ನಿಕೋಲ್ಸ್ (1919–1963). ಜೀವನೋಪಾಯಕ್ಕಾಗಿ ತನಗೆ ಒಗ್ಗದ ಹಳೆಯ ಶೈಲಿಯ ಮೇಳಗಳಲ್ಲಿ ನುಡಿಸುತ್ತ, ತನ್ನ ಸ್ವಂತ ರಚನೆಗಳನ್ನು ಕೇಳುವವರಿಲ್ಲದೆ ಸತ್ತವನು. 1982ರಲ್ಲಿ ಇವರಿಬ್ಬರ ರಚನೆಗಳನ್ನು ‘ರೀಜನರೇಶನ್’ ಎಂಬ ಮುದ್ರಿಕೆಗಾಗಿ ನುಡಿಸಿದವರಲ್ಲಿ ಮೆಂಗೆಲ್‌ಬರ್ಗನೂ ಬೆನ್ನಿಂಕನೂ ಇದ್ದರು. ಅಮೆರಿಕದ ಸ್ಟೀವ್ ಲೇಸಿ, ರಾಸ್‌ವೆಲ್ ರಡ್ ಮೊದಲಾದವರು ಅವರ ಸಂಗಡಿಗರು. 1984ರಲ್ಲಿ ನಿಕೋಲ್ಸನ ರಚನೆಗಳಿಗಾಗಿಯೇ ಇನ್ನೊಂದು ಮುದ್ರಿಕೆ ಸಿದ್ಧವಾಯಿತು. ತನ್ನ ತಾಯ್ನಾಡು ಮರೆತಿದ್ದ ನಿಕೋಲ್ಸನನ್ನು ನೆನಪಿಗೆ ತರುವುದರಲ್ಲಿ ಸಮುದ್ರದಾಚೆಯ ಈ ಡಚ್ಚರ ಪಾಲು ದೊಡ್ಡದು.

ಗುರುಭಕ್ತಿಯಲ್ಲಿಯೂ ಆತ ತನ್ನ ಹಾಸ್ಯವನ್ನು ಬಿಡಲಿಲ್ಲ. ಕೂಟದ ಒಂದು ಮುದ್ರಿಕೆಯ ಒಂದು ಮಗ್ಗುಲಲ್ಲಿ ಡಾಲ್ಫಿಯೊಡನೆ 1964ರಲ್ಲಿ ನುಡಿಸಿದ ಸಂಗೀತವಿದೆ. ಅಮೂಲ್ಯವಾದ ಚರಿತ್ರೆಯ ತುಣುಕು! ತಿರುವಿ ಹಾಕಿದರೆ ಇನ್ನೊಂದು ಮಗ್ಗುಲಲ್ಲಿ ಏನಿದೆ? ಮೆಂಗೆಲ್‌ಬರ್ಗನ ಸಾಕುಗಿಳಿ ‘ಈಕೊ’ ಸಿಳ್ಳು ಹಾಕುತ್ತದೆ, ಯಜಮಾನ ಅದಕ್ಕೆ ಪಿಯಾನೊ ನುಡಿಸುತ್ತಾನೆ. ಗತಿಸಿದ ಮಹಾನುಭಾವನಿಗೆ ಮಾಡಿದ ಅಪಚಾರವೆಂದು ಮೂಗು ಮುರಿದವರಿಗೆ ಈ ಮನುಷ್ಯ ಅರ್ಥವಾಗಲಿಲ್ಲವೆಂದೇ ಹೇಳಬೇಕು. ಸತ್ತವರನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಪೂಜಿಸುವುದಕ್ಕಿಂತ ಬದುಕಿರುವ ಗಿಳಿಯ ಪಕ್ಕದಲ್ಲಿ ಕೂರಿಸುವುದು ಆತನಿಗೆ ಹೆಚ್ಚಿನ ಗೌರವವಾಗಿ ಕಂಡಿರಬೇಕು.

ನಾಲ್ವರು, ಒಂದು ಮುದ್ರಿಕೆ

ಇಷ್ಟು ಹಿನ್ನೆಲೆಯೊಂದಿಗೆ 2000ದ ಆ ಮುದ್ರಣಕ್ಕೆ ಮರಳೋಣ. ‘ಫೋರ್ ಇನ್ ಒನ್’ ಎಂಬುದು ಮೂಲತಃ ಮಾಂಕನ ರಚನೆಯೊಂದರ ಹೆಸರು. ಮಾಂಕ್ ಅದನ್ನು 1951ರಲ್ಲಿ ಬ್ಲೂ ನೋಟ್ ಸಂಸ್ಥೆಗಾಗಿ ಮುದ್ರಿಸಿದ್ದ. ಬೆರಳುಗಳು ಒಂದರ ಮೇಲೊಂದು ಎಡವಿ ಬೀಳುವುವೋ ಎಂಬಂತೆ ಉರುಳುತ್ತ ಹೋಗಿ, ಬೀಳದೆ ನಿಲ್ಲುವ ಚಮತ್ಕಾರದ ರಚನೆ. ನಾಲ್ವರು ಕೂಡಿದ ಮೇಳಕ್ಕೆ ಇದಕ್ಕಿಂತ ಒಪ್ಪುವ ಹೆಸರು ಇನ್ನೊಂದು ಸಿಕ್ಕದು. ಅದರ ಜೊತೆಗೆ ಮಾಂಕನ ‘ಮಾಂಕ್ಸ್ ಮೂಡ್’ ಮತ್ತು ‘ಕ್ರಿಸ್ ಕ್ರಾಸ್’ ಎಂಬ ರಚನೆಗಳೂ ಇವೆ. ಉಳಿದುವು ಮೆಂಗೆಲ್‌ಬರ್ಗನವು. ಅವುಗಳಲ್ಲೊಂದರ ಹೆಸರು ಜರ್ಮನ್ ಭಾಷೆಯದು. ‘ಬೆಟ್ಟಗಳು ತಾಯ್ನಾಡನ್ನು ಕಾಯುತ್ತವೆ’ ಎಂದು ಅದರ ಅರ್ಥ. ಬೆಟ್ಟವೆಂಬುದನ್ನೇ ಕಾಣದ, ಸಮುದ್ರಕ್ಕಿಂತ ತಗ್ಗಾದ ಹಾಲೆಂಡಿನವನು, ಅದರಲ್ಲಿಯೂ ಜರ್ಮನರ ಆಕ್ರಮಣದ ಕಾಲದಲ್ಲಿ ಬಾಲ್ಯ ಕಳೆದವನು, ಹೀಗೆ ಹೆಸರಿಡಬೇಕಾದರೆ ತುಟಿಯಂಚಿನಲ್ಲಿ ಎಂಥ ನಗೆ ಇದ್ದೀತೆಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು.

ಡಾಲ್ಫಿಯೊಡನೆ ನುಡಿಸಿದ ಆ ಹಳೆಯ ರಚನೆಯ ಹೆಸರು ಇನ್ನೂ ವಿಚಿತ್ರ: ‘ಹೈಪೊಕ್ರಿಸ್ಟ್‌ಮಟ್ರೀಫಝ್’. ಒಂದೇ ಉಸಿರಿಗೆ ಹೇಳಲು ಯತ್ನಿಸಿ ನೋಡಿ! ಅದರ ಹೊಟ್ಟೆಯೊಳಗೆ ಕ್ರಿಸ್ಮಸ್ ಗಿಡವೊಂದು ಸಿಕ್ಕಿಕೊಂಡಂತಿದೆ. 1964ರಲ್ಲಿ ಇದನ್ನು ಡಾಲ್ಫಿ ಬಾಸ್ ಕ್ಲ್ಯಾರಿನೆಟ್ಟಿನಲ್ಲಿ ನುಡಿಸಿದ್ದ. ನೆಲದಾಳದಿಂದ ಎದ್ದು ಒಮ್ಮೆಲೇ ಆಕಾಶಕ್ಕೆ ಚಿಮ್ಮುವ ಆ ದನಿಯನ್ನು ಯಾರೂ ಮತ್ತೆ ತರಲಾರರು. 2000ದಲ್ಲಿ ಆ ಜಾಗದಲ್ಲಿ ನಿಂತವನು ಡೇವ್ ಡಗ್ಲಸ್. ಹಿಲ್ವರ್ಸಮ್ಮಿನ ಮುದ್ರಣ ನಡೆದಾಗ ಒಂದು ವರ್ಷ ತುಂಬಿ ಎರಡು ತಿಂಗಳು ಕಳೆದಿದ್ದ ಶಿಶು ಆತ. ಸತ್ತವನ ಅನುಕರಣೆಗೆ ಹೋಗುವ ಅಪಾಯವೇ ಇಲ್ಲದಂತೆ ಆತನ ವಾದ್ಯವೂ ಬೇರೆ, ಮನೋಧರ್ಮವೂ ಬೇರೆ. ಬಾಸ್ ನುಡಿಸಿದ ಬ್ರ್ಯಾಡ್ ಜೋನ್ಸ್ ಮೆಂಗೆಲ್‌ಬರ್ಗನಿಗೆ ಹೊಸಬನಲ್ಲ; 1994ರ ‘ಹೂಸ್ ಬ್ರಿಜ್’ ಎಂಬ ಮುದ್ರಿಕೆಯಲ್ಲಿ ಆತನ ಸಂಗಡವಿದ್ದವನೇ.

ಈಗ ಇಲ್ಲಿನ ಕಷ್ಟವನ್ನು ನೋಡಿ. ಮೆಂಗೆಲ್‌ಬರ್ಗನಿಗೂ ಬೆನ್ನಿಂಕನಿಗೂ ಒಬ್ಬರ ಚೇಷ್ಟೆ ಒಬ್ಬರಿಗೆ ಬಾಯಿಪಾಠ. ಇಂಥ ಇಬ್ಬರು ಹಳಬರ ನಡುವೆ ಹೊಸಬರು ಬಂದು ನಿಂತರೆ ಎರಡು ಅನಾಹುತಗಳಿಗೆ ಎಡೆಯುಂಟು. ಹಳಬರು ತಮ್ಮ ತಮ್ಮಲ್ಲಿಯೇ ಮಾತಾಡಿಕೊಂಡು ಹೊಸಬರನ್ನು ಮೂಲೆಗೆ ಕೂರಿಸಬಹುದು. ಅಥವಾ ಹೊಸಬರು ಅತಿವಿನಯದಿಂದ ಹಳಬರು ಹೇಳಿದ್ದಕ್ಕೆಲ್ಲ ಹೂಂಗುಟ್ಟಬಹುದು. ಎರಡನೆಯದು ಮೆಂಗೆಲ್‌ಬರ್ಗನಿಗೆ ಹೆಚ್ಚು ಬೇಸರ ತರುವ ಸಂಗತಿ. ಹೂಂಗುಟ್ಟುವವನೊಡನೆ ಚದುರಂಗ ಆಡುವುದು ಹೇಗೆ? ಈ ಮುದ್ರಿಕೆಯ ಹಿರಿಮೆ ಇರುವುದು ಈ ಎರಡೂ ಸಂಭವಿಸದಿರುವುದರಲ್ಲಿ. ರಚನೆಗಳು ಸ್ಪಷ್ಟವಾಗಿವೆ, ನಡೆ ಗಟ್ಟಿಯಾಗಿದೆ. ಆ ಗಟ್ಟಿ ನೆಲದ ಮೇಲೆ ನಿಂತು ನಾಲ್ವರೂ ನಾಲ್ಕು ದಿಕ್ಕಿಗೆ ಹಗ್ಗ ಹಿಡಿದಿದ್ದಾರೆ. ಗುಡಾರದ ಹಗ್ಗಗಳು ನಾಲ್ಕು ದಿಕ್ಕಿಗೆ ಬಿಗಿದಾಗಲೇ ಅಲ್ಲವೆ ಗುಡಾರ ನಿಲ್ಲುವುದು? ನಾಲ್ಕೂ ಒಂದೇ ದಿಕ್ಕಿಗೆ ಎಳೆದರೆ ಬಟ್ಟೆ ನೆಲಕ್ಕೆ ಬೀಳುತ್ತದೆ.

ಮೊದಲ ಸಲ ಕೇಳುವವರಿಗೆ ಒಂದು ಸೂಚನೆ. ಪಿಯಾನೊ ಏನು ನುಡಿಸುತ್ತಿದೆ ಎಂಬುದರ ಜೊತೆಗೆ, ಅದು ಯಾವಾಗ ನುಡಿಸದೆ ಇದೆ ಎಂಬುದನ್ನೂ ಗಮನಿಸಿ. ಮೇಳದ ನಾಯಕ ಎಲ್ಲಿ ಹೋದ ಎಂದು ಹುಡುಕಬೇಕಾದ ಸಂದರ್ಭ ಬರುತ್ತದೆ. ಆತ ಎಲ್ಲಿಗೂ ಹೋಗಿಲ್ಲ. ತನ್ನ ಸಂಗಡಿಗರು ಹೇಳುತ್ತಿರುವುದನ್ನು ಕೇಳುತ್ತಿದ್ದಾನೆ. ಮುಂದೆ ಕೈ ಊರಿದಾಗ ಬೀಳುವ ಸ್ವರ ಆ ಕೇಳುವಿಕೆಯಿಂದ ಹುಟ್ಟಿದ್ದು. ಮುಖಂಡನಾದವನು ಎಲ್ಲರಿಗಿಂತ ಹೆಚ್ಚು ಸದ್ದು ಮಾಡಬೇಕೆಂದು ತಿಳಿದವರು ಈ ಮುದ್ರಿಕೆಯನ್ನು ಒಮ್ಮೆ ಕೇಳಬೇಕು.

ಮರೆವು ಮತ್ತು ನೆನಪು

ಮೆಂಗೆಲ್‌ಬರ್ಗನ ಕೊನೆಯ ವರ್ಷಗಳ ಕಥೆ ನೋವಿನದು. ಆ ಚುರುಕಾದ ಬುದ್ಧಿಗೆ, ಎಷ್ಟೋ ನಡೆಗಳನ್ನು ಮುಂದಾಗಿ ಕಾಣುತ್ತಿದ್ದ ಚದುರಂಗದ ಬುದ್ಧಿಗೆ, ಮರೆವಿನ ರೋಗ ತಗುಲಿತು. ದಿನಗಳು ಕಳೆದಂತೆ ಊರು, ಹೆಸರು, ಹೊತ್ತು ಎಲ್ಲವೂ ಮಸಕಾದುವು. ಆದರೂ ಸ್ವಲ್ಪ ಕಾಲ ಸಂಗಡಿಗರು ಆತನನ್ನು ಪಿಯಾನೊದ ಮುಂದೆ ಕೂರಿಸಿಕೊಂಡು ನುಡಿಸಿದರು. ಮರೆತವನೆಂದು ದೂರವಿಡಲಿಲ್ಲ. ಆ ಕ್ಷಣದಲ್ಲಿ ಬಂದ ಸ್ವರಕ್ಕೆ ಆ ಕ್ಷಣದಲ್ಲಿ ಉತ್ತರ ಕೊಡುವುದನ್ನೇ ಜೀವನವಿಡೀ ಕಲಿತು ಕಲಿಸಿದವರು ಅವರು. ಹಿಂದಿನ ಸ್ವರ ನೆನಪಿಲ್ಲದವನ ಸ್ವರಕ್ಕೂ ಅವರು ಉತ್ತರ ಕೊಡಬಲ್ಲವರಾಗಿದ್ದರು. 2017ರ ಮಾರ್ಚ್ 3ರಂದು, ಎಂಬತ್ತೊಂದನೆಯ ವಯಸ್ಸಿನಲ್ಲಿ, ಆಮ್‌ಸ್ಟರ್‌ಡ್ಯಾಮಿನಲ್ಲಿ ಆತ ತೀರಿಕೊಂಡ. ಆತನ ರಚನೆಗಳನ್ನು ಕೂಟದ ವಾದ್ಯವೃಂದ ಆಮೇಲೆಯೂ ನುಡಿಸಿತು.

ಮುಗಿದ ಸಂಗೀತ ಗಾಳಿಗೆ ಸೇರುತ್ತದೆ, ಅದನ್ನು ಮತ್ತೆ ಹಿಡಿಯಲಾಗದು ಎಂದ ಡಾಲ್ಫಿಯ ಮಾತು ಸುಳ್ಳೆ? ಸುಳ್ಳಲ್ಲ. ಹಿಲ್ವರ್ಸಮ್ಮಿನ ಆ ದಿನ ಮತ್ತೆ ಬರಲಿಲ್ಲ. ಮುದ್ರಿಕೆಯಲ್ಲಿ ಉಳಿದಿರುವುದು ಆ ದಿನದ ನೆರಳು. ಒಂದು ಸ್ವರವನ್ನು ಹುಟ್ಟಿಸುವ ಮೊದಲು ಎದೆಯಲ್ಲಿ ಏಳುವ ಅಳುಕು, ಹುಟ್ಟಿಸಿದ ಮೇಲೆ ಜೊತೆಗಾರನ ಕಣ್ಣಿನಲ್ಲಿ ಕಾಣುವ ಮಿಂಚು, ಇವು ಯಾವ ತಟ್ಟೆಯ ಮೇಲೂ ಅಚ್ಚಾಗುವುದಿಲ್ಲ.

ಆದರೂ ಮೂವತ್ತಾರು ವರ್ಷಗಳ ತರುವಾಯ ಅದೇ ಇಬ್ಬರು, ಅದೇ ರಚನೆಯನ್ನು ಹೊಸಬರಿಬ್ಬರ ಮುಂದೆ ಇಟ್ಟು, ‘ಇದಕ್ಕೆ ನೀವು ಏನೆನ್ನುತ್ತೀರಿ?’ ಎಂದು ಕೇಳಿದರಲ್ಲ, ಅದನ್ನು ಏನೆಂದು ಕರೆಯೋಣ? ಮೂವತ್ತಾರು ವರ್ಷವೆಂದರೆ ಡಾಲ್ಫಿ ಬದುಕಿದ ಒಂದು ಇಡೀ ಬಾಳು. ಅಷ್ಟು ಕಾಲ ಆ ರಚನೆಯನ್ನು ಕಾಪಾಡಿದ್ದು ಕಾಗದವೂ ಅಲ್ಲ, ತಟ್ಟೆಯೂ ಅಲ್ಲ. ಒಬ್ಬರ ಮಾತನ್ನು ಒಬ್ಬರು ಸುಲಭವಾಗಿ ಒಪ್ಪದೆ, ಆದರೆ ಒಬ್ಬರನ್ನೊಬ್ಬರು ಬಿಟ್ಟು ಹೋಗದೆ, ವಾದವನ್ನು ಮುಂದುವರಿಸುತ್ತಲೇ ಬಂದ ಇಬ್ಬರು ಗೆಳೆಯರು ಅದನ್ನು ಕಾಪಾಡಿದರು.

‘ಲಾಸ್ಟ್ ಡೇಟ್’ ಮತ್ತು ‘ಫೋರ್ ಇನ್ ಒನ್’ ಎರಡೂ ಇಂದು ಕೇಳಲು ಸಿಕ್ಕುತ್ತವೆ. ಒಂದು ಸಂಜೆ ಬಿಡುವು ಮಾಡಿಕೊಂಡು ಎರಡರಲ್ಲಿಯೂ ಇರುವ ಆ ಒಂದೇ ರಚನೆಯನ್ನು ಒಂದಾದ ಮೇಲೊಂದು ಕೇಳಿ. ಮೊದಲನೆಯದು ಮುಗಿದು ಎರಡನೆಯದು ಆರಂಭವಾಗುವ ನಡುವೆ ಕೋಣೆಯಲ್ಲಿ ಒಂದು ಕ್ಷಣ ಮೌನ ಉಳಿಯುತ್ತದೆ. ಮ್ರುತ್ಯು, ಮುಪ್ಪು, ಮೂರು ದಶಕಗಳ ಮೇಲಿನ ಅಲೆದಾಟ ಎಲ್ಲವೂ ಆ ಒಂದು ಕ್ಷಣದಲ್ಲಿ ಅಡಗಿವೆ. ಆಮೇಲೆ ಪಿಯಾನೊ ಮತ್ತು ಡ್ರಮ್ ಮತ್ತೆ ಜಗಳ ಆರಂಭಿಸುತ್ತವೆ.